ಆಕಾಶದ ಹಡಗು ಇಳಿದದ್ದು ಯಾರ ತೋಟದಲ್ಲಿ?

ಮೊದಲೇ ಒಪ್ಕೊಂಡುಬಿಡ್ತೀನಿ. ಆಲೂಗಡ್ಡೆಗೆ ಬರೋ ಅಂಗಮಾರಿ ರೋಗವನ್ನ 'ಹೃದಯಸ್ಪರ್ಶಿ, ಓದಿ ಕಣ್ಣು ಒದ್ದೆಯಾಯಿತು' ಅಂತ ಹೊಗಳಿ, ಅದು ನಮ್ಮೂರಿನ ಓದುಗರ ಅಭಿಪ್ರಾಯ ಅಂತ ಮೈಸೂರಿಗೆ ಮೇಲ್ ಮಾಡಿದ ಮಹಾಪುರುಷ ನಾನೇ.

ಮೈಸೂರಿನ ಒಂದು ಸಣ್ಣ ಪ್ರಕಾಶನದಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಇನ್ನೂ ಪ್ರೊಬೇಷನ್ನು. ಕೂರೋದು ನೀಲಗಿರಿ ಬೆಟ್ಟದ ಹುಬ್ಬತಲೈಯ ನಮ್ಮ ಮನೇಲಿ, ಕರಡು ತಿದ್ದೋದು ಲ್ಯಾಪ್‌ಟಾಪಲ್ಲಿ, ಬೈಸಿಕೊಳ್ಳೋದು ಫೋನಲ್ಲಿ. ಹೊಸ ಬರಹಗಾರರ ವಿಜ್ಞಾನ ಕಥೆ, ಫ್ಯಾಂಟಸಿ ಕಥೆಗಳ ಒಂದು ಸಂಕಲನ ತಯಾರಾಗ್ತಿತ್ತು. ಅಚ್ಚಿಗೆ ಹೋಗೋ ಮೊದಲು ಒಂದಷ್ಟು ಜನಕ್ಕೆ ಓದೋಕೆ ಕೊಟ್ಟು, ಅವರು ಹೇಳಿದ್ದನ್ನ ಪುಸ್ತಕದಲ್ಲೇ ಹಾಕೋದು ಅಂತ ಎಡಿಟರ್ ಮೇಡಂ ಪ್ಲಾನು. ಮೊದಲನೇ ಕಥೆ ನಡೆಯೋದೇ ನೀಲಗಿರೀಲಿ. ಹಾಗಾಗಿ ಬೆಟ್ಟದ ಓದುಗರ ಮಾತು ಬೇಕೇ ಬೇಕು ಅಂದ್ರು. ಇಂಟರ್‌ವ್ಯೂನಲ್ಲೇ ನಾನು ಎದೆ ಉಬ್ಬಿಸಿ ಹೇಳಿದ್ದೆ, "ಮೇಡಂ, ನಮ್ಮ ಬಡಗ ಮಾತು, ನಿಮ್ಮ ಕನ್ನಡ, ಎರಡೂ ಒಂದೇ ಮನೇವು. ಇಡೀ ಹಟ್ಟಿ ಓದುತ್ತೆ." ಹಟ್ಟಿ ಅಂದ್ರೆ ನಮ್ಮ ಕಡೆ ಊರು.

ಒಂದೇ ಒಂದು ವಿಷಯ ಮರೆತಿದ್ದೆ. ಚಿಕ್ಕಪ್ಪನ ಮನೇಲಿದ್ದು ಮೈಸೂರಲ್ಲಿ ಹೈಸ್ಕೂಲು ಓದಿದೋನು ನಾನೊಬ್ಬನೇ. ಹಟ್ಟಿಯವರೆಲ್ಲ ಸ್ಕೂಲಲ್ಲಿ ಕಲಿತದ್ದು ತಮಿಳು. ಕನ್ನಡ ಮಾತು ಅರ್ಥ ಆಗುತ್ತೆ, ಅಕ್ಷರ ಗೊತ್ತಿಲ್ಲ. ಇಷ್ಟು ವರ್ಷ ಈ ಜನರ ಮಧ್ಯೆ ಬೆಳೆದು, ಇವರ ಬಸ್ ಬೋರ್ಡೂ ಮದುವೆ ಕಾಗದಾನೂ ಯಾವ ಲಿಪೀಲಿದೆ ಅಂತ ಗಮನಿಸದೇ ಇರೋಕೆ ವಿಶೇಷ ಪ್ರತಿಭೆ ಬೇಕು. ಅದು ನನಗಿದೆ.

ಕೂನೂರಿನ ಜೆರಾಕ್ಸ್ ಅಂಗಡೀಲಿ ಪ್ರತಿ ತೆಗೆಸಿ, ಸ್ಪೈರಲ್ ಹಾಕಿಸಿ, ಮನೆಮನೆಗೆ ಹಂಚಿದೆ. ಎಲ್ಲರೂ ಎರಡೂ ಕೈ ಚಾಚಿ ತಗೊಂಡ್ರು. ಕೆಲವರು ಕಣ್ಣಿಗೊತ್ತಿಕೊಂಡ್ರು. ಸ್ವಲ್ಪ ದಿನ ಬಿಟ್ಟು ಹೋಗಿ "ಹೇಗಿತ್ತು?" ಅಂದೆ. ಎಲ್ಲರದ್ದೂ ಒಂದೇ ಉತ್ತರ: "ಚೆನ್ನಾಗಿದೆ." ಎಲ್ಲಾ ಕಥೇನೂ? "ಎಲ್ಲಾನೂ ಚೆನ್ನಾಗಿದೆ." ನಾನು ಕೂತು ಆ 'ಚೆನ್ನಾಗಿದೆ'ಗೆ ಬಣ್ಣ ಬಳಿದು, ಹೃದಯಸ್ಪರ್ಶಿ, ರೋಮಾಂಚನ, ಕಣ್ಣು ಒದ್ದೆ ಅಂತೆಲ್ಲ ಮಾಡಿ ಕಳಿಸಿದೆ. ಜೊತೆಗೆ ಮೇಡಂಗೂ ಒಂದು ಸ್ಪೈರಲ್ ಪ್ರತಿ ಕೊರಿಯರ್ ಮಾಡಿದೆ. ಅದು ನನ್ನ ಜಾಣತನದ ಶಿಖರ.

ಮೇಡಂ ಫೋನ್ ಬಂತು.

"ಮೂರನೇ ಕಥೆ ನಿಮ್ಮ ಓದುಗರಿಗೆ ತುಂಬಾ ಹಿಡಿಸಿದೆ ಅಲ್ವಾ?"

"ಭಾರಿ ಹಿಡಿಸಿದೆ ಮೇಡಂ."

"ಅದರ ನಡುವೆ ಆಲೂಗಡ್ಡೆಗೆ ಅಂಗಮಾರಿ ಬಂದಾಗ ಔಷಧಿ ಹೊಡೆಯೋದು ಹೇಗೆ ಅಂತ ಇದೆ. ಆಮೇಲೆ ನಾಯಕಿ ಮಂಗಳ ಗ್ರಹದಲ್ಲಿ ಇಳೀತಾಳೆ."

ನಮ್ಮ ಪ್ರಕಾಶನದ್ದೇ ಕೃಷಿ ಪುಸ್ತಕದ ಕರಡೂ ನನ್ನ ಹತ್ರ ಇತ್ತು. ಜೆರಾಕ್ಸ್ ಅಂಗಡೀಲಿ ಎರಡೂ ಫೈಲು ಒಟ್ಟಿಗೆ ಕೊಟ್ಟು, ಆಚೆ ನಿಂತು ಟೀ ಕುಡೀತಿದ್ದೆ. ಪುಟ ಕಲಸಿಹೋಗಿತ್ತು. ಹಂಚಿದ ಒಂದು ಪ್ರತೀನಾದ್ರೂ ತಿರುವಿ ನೋಡಿದ್ರೆ ಗೊತ್ತಾಗ್ತಿತ್ತು.

"ಮೇಡಂ, ಆಲೂಗಡ್ಡೆ ಬೆಳೆದವರಿಗೆ ಅದೂ ಹೃದಯಸ್ಪರ್ಶಿನೇ," ಅಂದೆ.

ಅವರು ನಗಲಿಲ್ಲ. "ಪುಸ್ತಕ ಅಚ್ಚಿಗೆ ಹೋಗೋ ಮೊದಲು ನಿಜವಾದ ಅಭಿಪ್ರಾಯ ತರ್ತೀರೋ, ಇಲ್ಲ ಬೇರೆ ಕೆಲಸ ಹುಡುಕ್ತೀರೋ, ನೀವೇ ಹೇಳಿ," ಅಂದು ಫೋನ್ ಇಟ್ಟರು.

ನೇರ ಮಾಮಿ ಮನೆಗೆ ಹೋದೆ. ಮಾಮಿ ಅಂದ್ರೆ ನಮ್ಮಮ್ಮನ ಅಣ್ಣನ ಹೆಂಡತಿ. ಸಣ್ಣ ಟೀ ತೋಟ, ದೊಡ್ಡ ಬಾಯಿ. ಇಲ್ಲಿಂದ ಮುಂದೆ ಹಟ್ಟಿಯವರ ಮಾತನ್ನ ನಿಮಗೆ ಅರ್ಥವಾಗೋ ಕನ್ನಡಕ್ಕೆ ತಿರುಗಿಸಿ ಬರೀತಿದ್ದೀನಿ. ಖಾರ ಕಮ್ಮಿ ಆಗಿದ್ರೆ ತಪ್ಪು ನನ್ನದು.

"ಮಾಮಿ, ನಿಜ ಹೇಳು. ಓದಿದ್ಯಾ?"

"ಪುಟ ಎಲ್ಲಾ ನೋಡ್ದೆ. ಒಂದೊಂದು ಅಕ್ಷರಾನೂ ರುಮಾಲು ಸುತ್ಕೊಂಡು ಮದುವೆಗೆ ಹೊರಟ ಗಂಡಸಿನ ಹಾಗಿದೆ. ಚಂದ ಇತ್ತು. ಅದಕ್ಕೇ ಚಂದ ಅಂದೆ."

"ಓದೋಕೆ ಬರಲ್ಲ ಅಂತ ಹೇಳಬಾರದಿತ್ತಾ?"

"ನೀನು ಅಷ್ಟು ಆಸೆಯಿಂದ ತಂದಿದ್ದೆ. ಬರಲ್ಲ ಅಂತ ಮುಖಕ್ಕೆ ಹೇಳಕ್ಕಾಗುತ್ತಾ? ಇನ್ನೊಬ್ಬರ ಮನೇಲಿ ಉಣ್ಣೋವಾಗ ಉಪ್ಪು ಜಾಸ್ತಿ ಅಂತೀಯಾ ನೀನು?"

ಅಲ್ಲೇ ನನಗೆ ಕೆಲಸದ ಕಷ್ಟ ಗೊತ್ತಾಗಿದ್ದು. ಓದೋದು ಒಂದು ಸಮಸ್ಯೆ. ಅದಕ್ಕಿಂತ ದೊಡ್ಡದು, ನಮ್ಮವರು ಇನ್ನೊಬ್ಬರು ಮಾಡಿ ತಂದದ್ದನ್ನ ಎದುರಿಗೇ ಹಳಿಯಲ್ಲ. ಬೆನ್ನ ಹಿಂದೆ ಹಳೀತಾರೆ, ಅದರಲ್ಲಿ ಪಿಎಚ್‌ಡಿ ಮಾಡಿದ್ದಾರೆ. ಎದುರಿಗೆ ಎಲ್ಲಾ ಚೆನ್ನಾಗಿದೆ.

ಓದಿ ಹೇಳೋಕೆ ಜಾಗ ಹುಡುಕಿದೆ. ಊರ ಕೆಳಗೆ ರಸ್ತೆ ಪಕ್ಕ ಲೀಫ್ ಶೆಡ್ಡು ಇದೆ. ಸಣ್ಣ ತೋಟದವರೆಲ್ಲ ಕೊಯ್ದ ಟೀ ಎಲೆ ಚೀಲದಲ್ಲಿ ತಂದು ಅಲ್ಲಿಡ್ತಾರೆ, ಫ್ಯಾಕ್ಟರಿ ವ್ಯಾನು ಬಂದು ತೂಗಿ ತಗೊಂಡು ಹೋಗುತ್ತೆ. ವ್ಯಾನು ಬರೋವರೆಗೂ ಕಾಯೋದು ಬಿಟ್ಟು ಬೇರೆ ಕೆಲಸ ಇರಲ್ಲ. ಕೈ ಬಲಿತ ಎಲೆ ಆರಿಸಿ ತೆಗೀತಿರುತ್ತೆ, ಕಿವಿ ಖಾಲಿ.

ಮೊದಲ ದಿನ ಸೋತೆ. ಕಪ್ಪು ಕುಳಿಯ ಕಥೆ ತಗೊಂಡಿದ್ದೆ. ಬಾಹ್ಯಾಕಾಶದಲ್ಲಿ ಒಂದು ಕುಳಿ, ಬೆಳಕನ್ನೂ ನುಂಗುತ್ತೆ ಅಂತ ಬಡಗದಲ್ಲಿ ವಿವರಿಸಿದೆ. ಒಬ್ಬರು, ಮುಚ್ಚದೆ ಬಿಟ್ಟಿದ್ಯಾರು, ಪಂಚಾಯ್ತಿಯವರಾ ಅಂತ ಕೇಳಿದ್ರು. ಮುಗಿದ ಮೇಲೆ "ಹೇಗಿತ್ತು?" ಅಂದೆ. "ಚೆನ್ನಾಗಿದೆ" ಅಂತ ಕೋರಸ್ಸು. ಇಬ್ಬರು ನಿದ್ದೆಯಿಂದ ಎದ್ದು ಹೇಳಿದ್ರು.

ಆಮೇಲೆ ಪದ್ಧತಿ ಬದಲಾಯಿಸಿದೆ. ಹೇಗಿತ್ತು ಅಂತ ಕೇಳೋದೇ ಬಿಟ್ಟೆ. ಕಥೆ ನಡುವೆ, ಬೇಕಂತಲೇ ಕೆಟ್ಟ ಜಾಗದಲ್ಲಿ ನಿಲ್ಲಿಸಿ, ಪ್ರತಿ ಮುಚ್ಚಿ ಎದ್ದು ಹೊರಡೋದು. ಯಾರೂ ಕರೀಲಿಲ್ಲ ಅಂದ್ರೆ ಕಥೆ ಫೇಲು. ಕರೆದ್ರೆ ಪಾಸು. ಶರ್ಟು ಹಿಡಿದು ಎಳೆದ್ರೆ ಫಸ್ಟ್ ಕ್ಲಾಸು. ಕಪ್ಪು ಕುಳಿಯನ್ನೇ ಮತ್ತೆ ಓದಿ ಎದ್ದಾಗ ನಾನು ಊರವರೆಗೂ ನಡೆದೆ, ಒಂದು ನಾಯಿ ಮಾತ್ರ ಹಿಂದೆ ಬಂತು. ರೋಬೋ ಎಲೆ ಕೊಯ್ಯೋ ಕಥೇಲಿ ಕರೆದ್ರು, ಆದ್ರೆ ಬೈಯೋಕೆ: "ಭಾನುವಾರಾನೂ ಕೊಯ್ಯೋ ಮೆಷಿನ್ನು ಯಾರಿಗೆ ಬೇಕು? ನಮ್ಮನ್ನೂ ಬಾ ಅಂತಾರೆ." ತನ್ನ ನೆರಳನ್ನ ಮಡಿಸಿ ಪೆಟ್ಟಿಗೇಲಿಡೋ ಹೆಂಗಸಿನ ಫ್ಯಾಂಟಸಿ ಕಥೇಲಿ ನನ್ನ ಶರ್ಟಿನ ಗುಂಡಿ ಕಿತ್ತುಹೋಯ್ತು. ಅವತ್ತು ನಾನು ಖುಷಿಯಿಂದ ಗುಂಡಿ ಹುಡುಕಿದೆ.

ಹೀಗೆ ನಿಜವಾದ ಮಾತು ಸಿಗ್ತಾ ಬಂತು. ಉಳಿದದ್ದು ಮೊದಲನೇ ಕಥೆ, ನೀಲಗಿರಿಯದ್ದು. ಅದನ್ನ ಕೊನೆಗಿಟ್ಟಿದ್ದೆ. ನಮ್ಮೂರಿನದೇ ಕಥೆ, ಶರ್ಟು ಪೂರ್ತಿ ಹರೀಬಹುದು ಅಂತ ಹಳೇ ಶರ್ಟು ಹಾಕ್ಕೊಂಡು ಹೋದೆ.

ಕಥೆ ಇಷ್ಟು. ಬೆಟ್ಟದ ಇಳಿಜಾರಲ್ಲಿ ಆಕಾಶದಿಂದ ಒಂದು ಹಡಗು ಇಳಿಯುತ್ತೆ. ಪೇಟೆಯಿಂದ ಒಬ್ಬ ವಿಜ್ಞಾನಿ ಬರ್ತಾನೆ. ಅವನು ಬಂದಾಗ ಬೆಟ್ಟದ ಜನ ಹಡಗಿನ ಮುಂದೆ ಮೊಣಕಾಲೂರಿ, ಹಾಲು ತುಪ್ಪ ಇಟ್ಟು, ಅದನ್ನೇ ದೇವರು ಅಂದುಕೊಂಡು ಅಳ್ತಿರ್ತಾರೆ. ವಿಜ್ಞಾನಿ ಅವರಿಗೆಲ್ಲ ಬುದ್ಧಿ ಹೇಳ್ತಾನೆ. ಈ ಕಥೆಯ ಕರಡನ್ನ ನಾನು ಮತ್ತೆ ಮತ್ತೆ ತಿದ್ದಿದ್ದೆ. ಅಲ್ಪವಿರಾಮ ಎಲ್ಲೆಲ್ಲಿ ಬಿಟ್ಟಿದೆ ಅಂತ ನನಗೆ ಬಾಯಿಪಾಠ. ಆದ್ರೆ ಮಾಮಿ ಎದುರಿಗೆ ಕೂತು ಅದನ್ನ ಬಡಗಕ್ಕೆ ತಿರುಗಿಸಿ ಹೇಳೋವಾಗ, 'ನಾಗರಿಕತೆಯ ಗಾಳಿ ಸೋಂಕದ ಆ ಮುಗ್ಧರು' ಅನ್ನೋ ಜಾಗಕ್ಕೆ ಬಂದು ನನ್ನ ನಾಲಿಗೆ ಕಚ್ಚಿಕೊಳ್ತು. ಮಾಮಿ ಕೈಲಿ ಸ್ಮಾರ್ಟ್‌ಫೋನು. ಅವರ ಮಗಳು ಎಮರಾಲ್ಡ್ ಅಣೆಕಟ್ಟಲ್ಲಿ ಇಂಜಿನಿಯರು.

ನಾನು ಹಾರಿಸಿದೆ. "ಜನ ಎಲ್ಲಾ ಬಂದು ನೋಡಿದ್ರು, ನಮಸ್ಕಾರ ಅಂದ್ರು," ಅಂತ ಹೇಳಿ ಮುಂದಕ್ಕೆ ಓಡಿದೆ.

"ನಿಲ್ಸು," ಅಂದ್ರು ಮಾಮಿ. "ನಿನ್ನ ಕಣ್ಣು ಕೆಳಗೆ ಹೋಯ್ತು, ಬಾಯಿ ಹೋಗ್ಲಿಲ್ಲ. ಏನೋ ನುಂಗ್ದೆ."

"ಏನಿಲ್ಲ ಮಾಮಿ, ಬರೀ ವರ್ಣನೆ."

"ಆ ವರ್ಣನೇನೇ ಓದು."

ಓದಿದೆ. ಒಂದೂ ಪದ ಬಿಡದೆ, ಮೊಣಕಾಲು, ಹಾಲು, ತುಪ್ಪ, ಮುಗ್ಧರು, ಎಲ್ಲಾ.

ಯಾರೂ ಚೆನ್ನಾಗಿದೆ ಅನ್ನಲಿಲ್ಲ. ಅಷ್ಟರಲ್ಲಿ ವ್ಯಾನು ಬಂತು. ಯಾರೂ ಏಳಲಿಲ್ಲ. ವ್ಯಾನು ಓಡಿಸೋ ಅಣ್ಣ ತಮಿಳಿನೋನು, ಹಾರನ್ ಹೊಡೆದ, ಇಳಿದು ಬಂದ. "ಏನಕ್ಕಾ, ಚೀಲದಲ್ಲೇ ಎಲೆ ಬಿಸಿಯಾಗಿ ಕೆಂಪಾದ್ರೆ ಫ್ಯಾಕ್ಟರಿಯವರು ನನ್ನ ಹುರೀತಾರೆ!" ಅಂದ.

"ಕೂತ್ಕೋ ತಂಬಿ. ನಿನಗೂ ಒಂದು ಕೇಳ್ತೀನಿ," ಅಂದ್ರು ಮಾಮಿ. "ಆಕಾಶದಿಂದ ಹಡಗು ಇಳೀತು. ನೀನು ಮೊದಲು ಏನು ಮಾಡ್ತೀಯಾ?"

"ವಾಟ್ಸಾಪ್ ಸ್ಟೇಟಸ್ ಹಾಕ್ತೀನಿ."

"ಕಾಲಿಗೆ ಬೀಳ್ತೀಯಾ?"

"ವ್ಯಾನು ಓನರ್ ಕಾಲಿಗೇ ಬಿದ್ದಿಲ್ಲ ಅಕ್ಕಾ."

ಮಾಮಿ ನನ್ನ ಕಡೆ ತಿರುಗಿದ್ರು. "ಹಡಗು ಇಳಿದದ್ದು ಯಾರ ತೋಟದಲ್ಲಿ?"

"ಕಥೇಲಿ ಹೇಳಿಲ್ಲ."

"ಹೇಳಿಲ್ಲ ಅಂದ್ರೆ? ಈ ಬೆಟ್ಟದಲ್ಲಿ ಯಾರದ್ದೂ ಅಲ್ಲದ ಒಂದು ಗಿಡ ತೋರಿಸು ನೋಡೋಣ. ಅಷ್ಟು ದೊಡ್ಡ ಹಡಗು ಗಿಡದ ಮೇಲೆ ಕೂತ್ರೆ ಇಡೀ ಊರು ಜಗಳಕ್ಕೆ ಬರುತ್ತೆ, ಜಮೀನು ಲೆಕ್ಕ ನೋಡೋ ವಿಎಒ ಬರ್ತಾರೆ, ಫಾರೆಸ್ಟಿನವರು ಬಂದು ಇದು ನಮ್ಮ ಜಾಗ ಅಂತಾರೆ. ತುಪ್ಪ ಯಾರು ತರ್ತಾರೆ? ತುಪ್ಪದ ರೇಟು ಗೊತ್ತಾ ಆ ಬರೆದವನಿಗೆ?"

ಮೂಲೇಲಿ ಒಬ್ಬ ಅಕ್ಕ ಕೂತಿದ್ರು. ಮಸಿನಗುಡಿ ಕಡೆ ಕಾಡಿನವರು, ನಮ್ಮೂರಿಗೆ ಎಲೆ ಕೊಯ್ಯೋ ಕೂಲಿಗೆ ಬಂದಿದ್ದೋರು. ಇಷ್ಟು ದಿನದಲ್ಲಿ ಒಂದು ಮಾತೂ ಆಡಿರಲಿಲ್ಲ. ಅವರು ಎಲೆ ಆರಿಸ್ತಾ ಆರಿಸ್ತಾನೇ ಅಂದ್ರು:

"ಕಾಡಲ್ಲಿ ಗೊತ್ತಿಲ್ಲದ್ದು ಏನಾದ್ರೂ ಬಂದ್ರೆ ನಾವು ಹತ್ರಾನೇ ಹೋಗಲ್ಲ. ಆನೆ ಆದ್ರೂ ಅಷ್ಟೇ, ಆಫೀಸರ್ ಆದ್ರೂ ಅಷ್ಟೇ. ಗಾಳಿ ಯಾವ ಕಡೆ ಅಂತ ನೋಡಿ ದೂರ ನಿಲ್ತೀವಿ. ಓಡಿ ಹೋಗಿ ಎದುರಿಗೆ ನಿಲ್ಲೋರು ಟೂರಿಸ್ಟು."

ಶೆಡ್ಡು ನಗೆಯಿಂದ ಅದುರಿತು. ಆದ್ರೆ ಅದು ಬರೀ ನಗೆ ಆಗಿರಲಿಲ್ಲ. ನಾನು ಕಥೇನ ಮತ್ತೆ ತಿರುವಿ ನೋಡಿದೆ. ಅಷ್ಟು ಪುಟದಲ್ಲಿ ಬೆಟ್ಟದವರ ಬಾಯಲ್ಲಿ ಒಂದೇ ಒಂದು ಮಾತಿಲ್ಲ. ಅಳ್ತಾರೆ, ಬೀಳ್ತಾರೆ, ಕೈ ಮುಗೀತಾರೆ. ಮಾತಾಡಲ್ಲ. ಇದನ್ನೇ ನಾನು ತಿದ್ದಿದ್ದು. ಅಲ್ಪವಿರಾಮ ಹಾಕಿ.

ಸರಿ, ಒಬ್ಬೊಬ್ಬರ ಹೆಸರು, ಕೆಲಸ, ಎರಡು ಸಾಲು ಅಭಿಪ್ರಾಯ, ಒಂದು ಫೋಟೋ. ಮೇಡಂ ಕೇಳಿದ್ದು ಹಾಗೆ. ನಾನು ಪೆನ್ನು ತೆಗೆದೆ. ಮಾಮಿ ತಲೆ ಅಲ್ಲಾಡಿಸಿದ್ರು.

"ನೆರಳಿನ ಕಥೆಗೆ ಹಾಗೆ ತಗೋ. ಇದಕ್ಕೆ ಹಾಗಲ್ಲ. ಇದು ಊರಿನ ವಿಷಯ. ಕೂಟ ಸೇರಿಸಿ ಹೇಳ್ತೀವಿ."

ಕೂಟ ಅಂದ್ರೆ ನಮ್ಮ ಹಟ್ಟಿಯಲ್ಲಿ ಊರಿನ ವಿಷಯಕ್ಕೆ ಎಲ್ಲರೂ ಕೂತು ಮಾತಾಡಿ ಒಂದು ಮಾತಿಗೆ ಬರೋದು. ಬಂದ ಮೇಲೆ ಅದು ಯಾರೊಬ್ಬರದ್ದೂ ಅಲ್ಲ. ಒಬ್ಬರು ಅದರಲ್ಲಿ ಪದ ಬದಲಾಯಿಸೋ ಹಾಗಿಲ್ಲ. ರಸ್ತೆಗೆ, ನೀರಿಗೆ, ಜಗಳಕ್ಕೆ ಕೂಟ ಸೇರಿದ್ದು ನೋಡಿದ್ದೆ. ವಿಜ್ಞಾನ ಕಥೆಗೆ ಸೇರಿದ್ದು ನಾನು ಕಂಡಿದ್ದು ಅದೇ ಮೊದಲು. ಊರ ಹಿರಿಯಜ್ಜ ಒಬ್ಬರನ್ನ ಕರೆದುಕೊಂಡು ಬಂದ್ರು. ನಾನು ಬಗ್ಗಿದೆ, ಅವರು ತಲೆ ಮುಟ್ಟಿ ಹರಸಿ, "ಹಡಗಿಗೆ ಚಕ್ರ ಇತ್ತಾ?" ಅಂತ ಶುರು ಮಾಡಿದ್ರು. ಮಸಿನಗುಡಿ ಅಕ್ಕ ಊರಿನವರಲ್ಲ, ಅವರ ಮಾತು ಸೇರಿಸಬಹುದಾ ಅಂತ ಒಬ್ಬರು ತಕರಾರು ಎತ್ತಿದ್ರು. "ಕಥೇಲಿ ಅವರನ್ನೂ ನಮ್ಮ ಜೊತೆಗೇ ಬೀಳಿಸಿದ್ದಾನಲ್ಲ, ಇಲ್ಲೂ ಜೊತೆಗೇ ಇರ್ಲಿ," ಅಂದ್ರು ಅಜ್ಜ. ಕೊನೆಗೆ ಕೂಟದ ಮಾತು ಇಷ್ಟಕ್ಕೆ ನಿಂತಿತು:

'ಹಡಗು ಇಳಿಯಿತು ಅನ್ನೋದನ್ನ ನಾವು ನಂಬ್ತೀವಿ. ನಾವು ಮೊಣಕಾಲೂರಿದ್ವಿ ಅನ್ನೋದನ್ನ ನಂಬಲ್ಲ. ಹಡಗು ಯಾರ ತೋಟದಲ್ಲಿ ಇಳೀತು ಅಂತ ಬರೆದವರು ಹೇಳಿಲ್ಲ. ನಮ್ಮಲ್ಲಿ ಕೆಲವರು ಜಗಳ ಆಡ್ತಿದ್ವಿ, ಕೆಲವರು ದೂರ ನಿಲ್ತಿದ್ವಿ, ಕೆಲವರು ಹಡಗಿನವರನ್ನ ಟೀಗೆ ಕರೀತಿದ್ವಿ. ಬರೆದವರು ನಮಗೆ ಒಂದು ಮಾತೂ ಕೊಟ್ಟಿಲ್ಲ. ಕಥೆ ತೆಗೀಬೇಡಿ. ಅದರ ಹಿಂದೇನೇ ಇದನ್ನ ಹಾಕಿ.'

ಕಳಿಸಿದೆ. ಮೇಡಂ ಫೋನ್ ತಕ್ಷಣ ಬಂತು.

"ನೆರಳಿನ ಕಥೆಯದ್ದು ಬಹಳ ಚೆನ್ನಾಗಿದೆ. ಅದು ಸಾಕು. ಈ ಕೂಟದ್ದು ಬೇಡ."

"ಯಾಕೆ ಮೇಡಂ?"

"ಅದು ಪುಸ್ತಕದ ಮೊದಲ ಕಥೆ. ಬರೆದವರು ಮನಸ್ಸಿಗೆ ಹಚ್ಕೊಳ್ತಾರೆ. ಕಥೆ ವಾಪಸ್ ತಗೊಂಡ್ರೆ ಇಡೀ ಪುಸ್ತಕ ನಿಂತುಹೋಗುತ್ತೆ. 'ನಮ್ಮ ಬೆಟ್ಟ ಕಥೆಯಲ್ಲಿ ಬಂದದ್ದು ಸಂತೋಷ' ಅಂತ ಒಂದು ಸಾಲು ಮಾಡಿ. ಅಷ್ಟು ಅವರು ಹೇಳೇ ಹೇಳ್ತಾರೆ. ನಿಮ್ಮ ಪ್ರೊಬೇಷನ್ನೂ ಮುಗಿಸಿಬಿಡೋಣ."

ಸುಳ್ಳು ಹೇಳಲ್ಲ, ಆ ಸಾಲು ಟೈಪ್ ಮಾಡಿದೆ. ಅಂಗಮಾರಿಗೇ ಕಣ್ಣೀರು ಬರೆದವನಿಗೆ ಇದೇನು ಮಹಾ. ಬಹಳ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೇ ಭಯ ಆಯ್ತು. ಅಳಿಸಿದೆ. ಶೆಡ್ಡಿಗೆ ನಡೆದು, ಎಲ್ಲರ ಮಧ್ಯೆ ನಿಂತು, ಮೇಡಂಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಮೇಡಂ, ಕೂಟದ ಮಾತನ್ನ ನಾನು ಬದಲಾಯಿಸೋ ಹಾಗಿಲ್ಲ. ಬೇಕಾದ್ರೆ ನೀವೇ ಅವರನ್ನ ಕೇಳಿ. ಎಲ್ಲರೂ ಇಲ್ಲೇ ಇದ್ದಾರೆ."

ಮೇಡಂ ದನಿ ಮೆತ್ತಗಾಯ್ತು. "ನಮಸ್ಕಾರ ಅಮ್ಮ. ಅದು ನಿಜವಾಗಿ ನಡೆದದ್ದಲ್ಲ. ಬರೀ ಕಲ್ಪನೆ."

"ನಮಸ್ಕಾರ ಮೇಡಂ," ಅಂದ್ರು ಮಾಮಿ. "ಕಲ್ಪನೆ ಅಂದ್ರೆ ಯಾರೂ ಅಂದುಕೊಳ್ಳದೇ ಇರೋದನ್ನ ಅಂದುಕೊಳ್ಳೋದಲ್ವಾ? ನೆರಳು ಮಡಿಸಿಟ್ಟಳಲ್ಲ, ಅದು ಕಲ್ಪನೆ. ನಾನು ಆಮೇಲೆ ಎರಡು ದಿನ ನನ್ನ ನೆರಳು ನೋಡ್ತಿದ್ದೆ. ಬೆಟ್ಟದವರು ಏನು ಕಂಡ್ರೂ ಕೈ ಮುಗೀತಾರೆ ಅಂತ ಬಸ್ಸಿಳಿದು ಬರೋರೆಲ್ಲ ಅಂದುಕೊಂಡೇ ಬರ್ತಾರೆ. ಇದರಲ್ಲಿ ಹೊಸದು ಏನು ಕಲ್ಪಿಸಿದ್ರು?"

ಮೇಡಂ ಕೂಡ ಸುಮ್ಮನೆ ಸೋಲೋರಲ್ಲ. "ನೀವೇ ತಾನೇ ಅಮ್ಮ, ಓದದೇ ಎಲ್ಲಾ ಚೆನ್ನಾಗಿದೆ ಅಂದಿದ್ದು? ಈಗ ಹೇಳೋದನ್ನ ನಾನು ಹೇಗೆ ನಂಬಲಿ?"

ಮಾಮಿ ಫೋನಿನ ಹತ್ರಕ್ಕೆ ಬಗ್ಗಿದ್ರು. ನಾನು ನೆಲ ನೋಡಿದೆ. "ಅದು ಹುಡುಗನ ಮುಖ ನೋಡಿ ಹೇಳಿದ್ದು," ಅಂದ್ರು. "ಇದು ಕಥೆ ಕೇಳಿ ಹೇಳ್ತಿರೋದು. ಹುಡುಗನ ಮುಖ ನೋಡಿ ಹೇಳೋದಾಗಿದ್ರೆ ಈಗ್ಲೂ ಚೆನ್ನಾಗಿದೆ ಅಂತಿದ್ದೆ. ಪಾಪ, ಬಿಳಿಚಿಕೊಂಡಿದೆ."

"ನಾನು ಯೋಚನೆ ಮಾಡಬೇಕು," ಅಂದ್ರು ಮೇಡಂ. ಫೋನ್ ಕಟ್ಟಾಯ್ತು.

ಮನೆಗೆ ಬಂದು ಮೇಲ್ ಬರೆದೆ. ಜೀವನದಲ್ಲಿ ನಾನು ಜೋಕಿಲ್ಲದೆ ಬರೆದ ಒಂದೇ ಮೇಲ್ ಅದು. ಕೂಟದ ಮಾತು ಒಂದು ಅಕ್ಷರ ಕಮ್ಮಿಯಾಗದೆ, ಆ ಕಥೆಯ ಹಿಂದೇನೇ ಬರಬೇಕು. ಇಲ್ಲದಿದ್ರೆ ಬೆಟ್ಟದವರ ಒಂದು ಮಾತೂ ಬೇಡ, ನೆರಳಿನದ್ದೂ ಬೇಡ. ಪುಸ್ತಕದಲ್ಲಿ ನನ್ನ ಹೆಸರೂ ತೆಗೆದುಬಿಡಿ. ಹೊಗಳಿದಾಗ ಮಾತ್ರ ಓದುಗರು, ಪ್ರಶ್ನೆ ಕೇಳಿದಾಗ ಅಲ್ಲ ಅಂದ್ರೆ, ನನಗೆ ಈ ಕೆಲಸ ಬೇಡ. ಸೆಂಡ್ ಒತ್ತಿ ಮುಸುಕೆಳೆದು ಮಲಗಿಬಿಟ್ಟೆ. ಅಮ್ಮ ಬಂದು ಚಳಿಗೆ ಅಂದುಕೊಂಡು ಸ್ವೆಟರ್ ಕೊಟ್ಟಳು.

ಉತ್ತರ ಬರಲಿಲ್ಲ. ದಿನ ಕಳೀತು. ಶೆಡ್ಡಿನಲ್ಲಿ ನಾನು ಕಂಡ ಕೂಡಲೇ "ಏನಾಯ್ತು?" ಅಂತ ಕೇಳ್ತಿದ್ರು. ಆಮೇಲೆ ಕೇಳೋದೂ ಬಿಟ್ಟರು. ಅದು ಇನ್ನೂ ಕಷ್ಟ ಆಯ್ತು. ನಾನು ಕೋತಗಿರಿ ಕಡೆ ಒಂದು ಟೀ ಫ್ಯಾಕ್ಟರೀಲಿ ಕೆಲಸ ಇದೆಯಾ ಅಂತ ವಿಚಾರಿಸೋಕೆ ಶುರು ಮಾಡಿದ್ದೆ.

ಒಂದಿನ ಕೊರಿಯರಲ್ಲಿ ಪುಸ್ತಕ ಬಂತು. ನಿಂತಲ್ಲೇ ಹರಿದು ಬಿಡಿಸಿದೆ. ಮೊದಲ ಕಥೆ ಮುಗಿದ ಕೂಡಲೇ, ಅದರ ಬೆನ್ನಿಗೇ ಇರೋ ಪುಟದಲ್ಲಿ, ಕೂಟದ ಮಾತು. ಪೂರ್ತಿ. ಕೆಳಗೆ 'ಹುಬ್ಬತಲೈ, ಲೀಫ್ ಶೆಡ್ಡಿನ ಕೂಟ' ಅಂತ. ಒಂದು ಅಲ್ಪವಿರಾಮ ಕೂಡ ಮುಟ್ಟಿಲ್ಲ. ಕುಣಿದೆ. ಆಮೇಲೆ ಪುಸ್ತಕ ಮಾಡಿದವರ ಹೆಸರಿರೋ ಮೊದಲ ಪುಟಗಳಲ್ಲಿ ನನ್ನ ಹೆಸರು ಹುಡುಕಿದೆ. ಇಲ್ಲ. ಇದಾದ್ರೂ ಮಾಡಿ, ಇಲ್ಲ ಅದಾದ್ರೂ ಮಾಡಿ ಅಂತ ನಾನು ಬರೆದಿದ್ದೆ. ಮೇಡಂ ಅಚ್ಚುಕಟ್ಟಿನವರು, ಎರಡೂ ಮಾಡಿದ್ರು. ಪ್ರೊಬೇಷನ್ ಇನ್ನೂ ಮುಂದುವರಿದಿದೆ.

ಶೆಡ್ಡಲ್ಲಿ ಆ ಪುಟವನ್ನ ಜೋರಾಗಿ ಓದಿದೆ. ಮಾಮಿ ಪುಸ್ತಕ ಕೈಗೆ ತಗೊಂಡು, ತಮಗೆ ಓದೋಕೆ ಬಾರದ ಆ ಸಾಲುಗಳ ಮೇಲೆ ಬೆರಳಾಡಿಸಿ, ಇದೇನಾ ನಮ್ಮದು ಅಂತ ಕೇಳಿದ್ರು. ಇದೇ ಅಂದೆ. ಪುಸ್ತಕ ವಾಪಸ್ ಕೊಡಲಿಲ್ಲ.

ಅದಾದ ಮೇಲೆ ಒಂದಿನ ಗೊತ್ತಿಲ್ಲದ ನಂಬರಿಂದ ಫೋನು. ಆ ಕಥೆ ಬರೆದವರು. ಮೇಡಂ ಕೂಟದ ಮಾತನ್ನ ಮೊದಲು ಅವರಿಗೇ ಕಳಿಸಿದ್ರಂತೆ, ಹಾಕಿ ಅಂತ ಅವರೇ ಅಂದ್ರಂತೆ, ಅದು ನನಗೆ ಗೊತ್ತಾಗಿದ್ದು ಆಮೇಲೆ. ಬೈಯೋಕೆ ಮಾಡಿದ್ದಾರೆ ಅಂತ ನಾನು ಎದ್ದು ನಿಂತು, ಹೇಳಬೇಕಾದ ಎದುರುತ್ತರ ಎಲ್ಲಾ ಜೋಡಿಸಿಕೊಂಡಿದ್ದೆ. ಒಂದಕ್ಕೂ ಅವಕಾಶ ಸಿಗಲಿಲ್ಲ. ಅವರು ಸುಸ್ತಾದ ದನಿಯಲ್ಲಿ ಇಷ್ಟೇ ಹೇಳಿದ್ರು:

"ಮುಂದಿನ ಮುದ್ರಣಕ್ಕೆ ಕಥೆ ತಿದ್ದೋಣ ಅಂತ ಕೂತೆ ಮಾರಾಯ್ರೆ. ನಿಮ್ಮವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದೆ. ಅವರು ಎದ್ದು ನಿಂತ ಕೂಡಲೇ ನನ್ನ ವಿಜ್ಞಾನಿಗೆ ಆಡೋಕೆ ಒಂದು ಮಾತೂ ಉಳೀಲಿಲ್ಲ."